ಕಾಣದ ಕಣದ ಅಳತೆ

ಅಳತೆಯೆಂಬುದು ಮನುಷ್ಯನ ಬಹು ಹಳೆಯ ವಿದ್ಯೆಗಳಲ್ಲಿ ಒಂದು. ನಮ್ಮ ಹಿರಿಯರು ಕಾಳುಕಡ್ಡಿಗಳನ್ನು ಪಾವು, ಸೇರು, ಬಳ್ಳ, ಕೊಳಗಗಳಲ್ಲಿ ಅಳೆದರು. ಬಟ್ಟೆಯನ್ನು ಮೊಳದಲ್ಲಿ ಅಳೆದರು. ಅಕ್ಕಸಾಲಿಗನು ತಕ್ಕಡಿಯ ಒಂದು ತಟ್ಟೆಯಲ್ಲಿ ಚಿನ್ನವನ್ನೂ ಇನ್ನೊಂದು ತಟ್ಟೆಯಲ್ಲಿ ಗುಲಗಂಜಿಯನ್ನೂ ಇಟ್ಟು ತೂಗಿದನು. ವಸ್ತುವಿನ ಬೆಲೆ ಹೆಚ್ಚಿದಂತೆಲ್ಲ ಅಳತೆಯೂ ಸೂಕ್ಷ್ಮವಾಗುತ್ತ ಬಂದಿತು. ಆದರೆ ಇವೆಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳ ಮಾತಾಯಿತು. ನಮ್ಮ ರಕ್ತದಲ್ಲಿ ಹರಿಯುವ ಕೆಲವು ವಸ್ತುಗಳು ಎಷ್ಟು ಅಲ್ಪ ಪ್ರಮಾಣದಲ್ಲಿವೆಯೆಂದರೆ, ಯಾವ ತಕ್ಕಡಿಯೂ ಅವುಗಳನ್ನು ತೂಗಲಾರದು. ಹಾಗಿದ್ದರೂ ಅವುಗಳ ಏರಿಳಿತವನ್ನು ಅವಲಂಬಿಸಿ ಮನುಷ್ಯನ ಅಳಿವು ಉಳಿವುಗಳು ನಿಂತಿರುತ್ತವೆ. ಇಂತಹ ಒಂದು ವಸ್ತುವನ್ನು ಅಳೆಯಲು ವಿಜ್ಞಾನಿಗಳು ಕಲಿತದ್ದು ಹೇಗೆ? ಆ ವಿದ್ಯೆಯು ಇಂದು ಒಂದು ಸಣ್ಣ ಪರೀಕ್ಷಾ ಪೆಟ್ಟಿಗೆಯೊಳಗೆ ಅಡಕವಾದದ್ದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ನೋಡೋಣ.

ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಗಳು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ದೇಹದ ಜೀವಕೋಶಗಳು ಈ ಸಕ್ಕರೆಯನ್ನು ಬಳಸಿಕೊಂಡು ಶಕ್ತಿಯನ್ನು ಪಡೆಯುತ್ತವೆ. ಉಳಿದುದನ್ನು ಮುಂದಿನ ಹೊತ್ತಿಗೆಂದು ಕೂಡಿಡುತ್ತವೆ. ಒಡೆಯುವ, ಕಟ್ಟುವ, ಕೂಡಿಡುವ ಈ ನಿರಂತರ ವ್ಯಾಪಾರಕ್ಕೆ ಚಯಾಪಚಯ ಕ್ರಿಯೆಯೆಂದು ಹೆಸರು. ಈ ವ್ಯಾಪಾರವನ್ನು ಹದದಲ್ಲಿಡುವ ಒಂದು ಮುಖ್ಯ ವಸ್ತು ಇನ್ಸುಲಿನ್. ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯು ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಒಂದು ಸಣ್ಣ ಪ್ರೋಟೀನು. ಐವತ್ತೊಂದು ಅಮೈನೋ ಆಮ್ಲಗಳು ಎರಡು ಸರಪಳಿಗಳಾಗಿ ಹೆಣೆದುಕೊಂಡು ಅದು ಆಗಿದೆ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರಿದರೆ ಇನ್ಸುಲಿನ್ನೂ ಏರುತ್ತದೆ. ಸ್ನಾಯುಗಳೂ ಕೊಬ್ಬಿನ ಕೋಶಗಳೂ ಸಕ್ಕರೆಯನ್ನು ಒಳಗೆ ಬರಮಾಡಿಕೊಳ್ಳುವಂತೆ ಮಾಡುತ್ತದೆ. ಅದು ಇಲ್ಲವಾದರೆ, ಅಥವಾ ಅದರ ಮಾತನ್ನು ಕೋಶಗಳು ಕೇಳದೆ ಹೋದರೆ, ಸಕ್ಕರೆಯು ರಕ್ತದಲ್ಲಿಯೇ ತುಂಬಿ ಕೊನೆಗೆ ಮೂತ್ರದಲ್ಲಿ ಹರಿದುಹೋಗುತ್ತದೆ. ಇದೇ ಮಧುಮೇಹ. ಮಧು ಎಂದರೆ ಜೇನು. ಜೇನಿನಂತೆ ಸಿಹಿಯಾದ ಮೂತ್ರವೆಂಬ ಲಕ್ಷಣವನ್ನು ಕಂಡೇ ನಮ್ಮ ಪ್ರಾಚೀನ ವೈದ್ಯರು ರೋಗಕ್ಕೆ ಈ ಹೆಸರನ್ನು ಇಟ್ಟರು.

ಇನ್ಸುಲಿನ್ ಬೆಳಕಿಗೆ ಬಂದದ್ದು 1921ರಲ್ಲಿ, ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ. ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್, ಜೇಮ್ಸ್ ಕಾಲಿಪ್ ಹಾಗೂ ಜೆ. ಜೆ. ಆರ್. ಮ್ಯಾಕ್ಲಿಯಡ್ ಈ ಕಾರ್ಯದಲ್ಲಿ ತೊಡಗಿದ್ದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಮೊದಲ ಬಾರಿಗೆ ಕೊಡಲಾಯಿತು. ಅಲ್ಲಿಂದ ಮುಂದೆ ಸಾವಿರಾರು ರೋಗಿಗಳು ಹಸು ಮತ್ತು ಹಂದಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್ನಿನ ಬಲದಿಂದ ಬದುಕಿದರು. ಔಷಧವೇನೋ ಕೈಗೆ ಬಂದಿತು. ಆದರೆ ಮನುಷ್ಯನ ರಕ್ತದಲ್ಲಿ ಸಹಜವಾಗಿ ಇನ್ಸುಲಿನ್ ಎಷ್ಟಿರುತ್ತದೆಂಬುದು ಮಾತ್ರ ಇನ್ನೂ ಮೂರು ದಶಕಗಳಿಗೂ ಹೆಚ್ಚು ಕಾಲ ಯಾರಿಗೂ ಖಚಿತವಾಗಿ ತಿಳಿಯಲಿಲ್ಲ.

ಏಕೆಂದರೆ ಅದು ಅಷ್ಟು ಅಲ್ಪ. ಒಂದು ಲೀಟರು ರಕ್ತದ್ರವದಲ್ಲಿ ಸುಮಾರು ಎಪ್ಪತ್ತು ಗ್ರಾಂನಷ್ಟು ನಾನಾ ಬಗೆಯ ಪ್ರೋಟೀನುಗಳಿರುತ್ತವೆ. ಹಸಿದ ಹೊಟ್ಟೆಯಲ್ಲಿ ಅವುಗಳ ನಡುವೆ ಇರುವ ಇನ್ಸುಲಿನ್ನಿನ ತೂಕ ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಲೆಕ್ಕ ಹಾಕಿದರೆ ಇತರ ಪ್ರೋಟೀನುಗಳ ಸುಮಾರು ಇಪ್ಪತ್ತು ಕೋಟಿ ಪಾಲಿಗೆ ಇದು ಒಂದು ಪಾಲು. ಒಂದು ಉಗ್ರಾಣದಲ್ಲಿ ನಲವತ್ತು ಕ್ವಿಂಟಾಲು ಅಕ್ಕಿಯನ್ನು ಸುರಿದು, ಅದರೊಳಗೆ ಬೇರೆ ತಳಿಯ ಒಂದೇ ಒಂದು ಕಾಳನ್ನು ಬೆರೆಸಿ, ಅದನ್ನು ಹುಡುಕಿ ಕೊಡಿರೆಂದರೆ ಹೇಗಾದೀತೋ ಹಾಗೆ. ಆಗಿನ ವಿಜ್ಞಾನಿಗಳು ಇಲಿಯ ವಪೆಯ ತುಣುಕನ್ನು ರಕ್ತದ್ರವದಲ್ಲಿ ಮುಳುಗಿಸಿ, ಅದು ಎಷ್ಟು ಗ್ಲೂಕೋಸನ್ನು ಹೀರಿತೆಂಬುದನ್ನು ನೋಡಿ ಇನ್ಸುಲಿನ್ನಿನ ಮೊತ್ತವನ್ನು ಅಂದಾಜು ಮಾಡುತ್ತಿದ್ದರು. ಒಂದು ದಿನದ ಫಲಿತಾಂಶ ಇನ್ನೊಂದು ದಿನಕ್ಕೆ ಹೊಂದುತ್ತಿರಲಿಲ್ಲ. ಅಳತೆಯಿಲ್ಲದ ಕಡೆ ಊಹೆ ಆಳುತ್ತದೆ. ಮಧುಮೇಹವೆಂದರೆ ಇನ್ಸುಲಿನ್ನಿನ ಕೊರತೆ, ಅಷ್ಟೇ ಎಂದು ಬಹುಮಂದಿ ನಂಬಿದ್ದರು.

ಈ ಊಹೆಯ ಕತ್ತಲಿಗೆ ದೀಪ ಹಿಡಿದವರಲ್ಲಿ ಒಬ್ಬಳು ವೈದ್ಯಳಲ್ಲ, ಭೌತವಿಜ್ಞಾನಿ. ಆಕೆಯ ಹೆಸರು ರೋಸಲಿನ್ ಯಾಲೊ. ಆಕೆ 1921ರಲ್ಲಿ, ಎಂದರೆ ಇನ್ಸುಲಿನ್ ಬೆಳಕಿಗೆ ಬಂದ ವರ್ಷವೇ, ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದಳು. ಆಕೆಯ ತಂದೆತಾಯಿಗಳಿಗೆ ಪ್ರೌಢಶಾಲೆಯ ಮೆಟ್ಟಿಲನ್ನು ಹತ್ತುವ ಭಾಗ್ಯವಿರಲಿಲ್ಲ. ಆದರೆ ಮಕ್ಕಳು ಕಾಲೇಜಿನಲ್ಲಿ ಓದಲೇಬೇಕೆಂಬ ವಿಷಯದಲ್ಲಿ ಅವರಿಗೆ ಎರಡು ಮನಸ್ಸಿರಲಿಲ್ಲ. ಭೌತಶಾಸ್ತ್ರದಲ್ಲಿ ಪದವಿ ಪಡೆದರೂ ಉನ್ನತ ವ್ಯಾಸಂಗದ ಬಾಗಿಲು ಹೆಣ್ಣುಮಗಳಿಗೆ ಸುಲಭವಾಗಿ ತೆರೆಯುವ ಕಾಲ ಅದಾಗಿರಲಿಲ್ಲ. ಆಕೆ ಶೀಘ್ರಲಿಪಿಯನ್ನು ಕಲಿತು ವಿಜ್ಞಾನಿಯೊಬ್ಬರ ಕಾರ್ಯದರ್ಶಿಯಾಗಲು ಒಪ್ಪಿಕೊಂಡಳು. ಅಷ್ಟರಲ್ಲಿ 1941ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಕರೆ ಬಂದಿತು. ಆಕೆ ಶೀಘ್ರಲಿಪಿಯ ಪುಸ್ತಕಗಳನ್ನು ಹರಿದುಹಾಕಿ ಹೊರಟೇಬಿಟ್ಟಳು. ಅಲ್ಲಿಯ ಆ ವಿಭಾಗದ ನಾನೂರು ಮಂದಿಯಲ್ಲಿ ಆಕೆಯೊಬ್ಬಳೇ ಹೆಂಗಸು. 1945ರಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1947ರಲ್ಲಿ ಬ್ರಾಂಕ್ಸ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯೊಂದಿಗೆ ಕೆಲಸ ಆರಂಭಿಸಿದಳು. ಅಲ್ಲಿ ಆಕೆಯ ಮೊದಲ ಪ್ರಯೋಗಶಾಲೆ, ಜಾಡಮಾಲಿಯು ಪೊರಕೆ ಬಕೀಟುಗಳನ್ನು ಇಡುತ್ತಿದ್ದ ಒಂದು ಕಿರುಕೋಣೆ. 1950ರಲ್ಲಿ ಸಾಲೊಮನ್ ಬೆರ್ಸನ್ ಎಂಬ ವೈದ್ಯನು ಆಕೆಯ ಜೊತೆಗೂಡಿದನು. ಒಬ್ಬರಿಗೆ ಭೌತಶಾಸ್ತ್ರ, ಇನ್ನೊಬ್ಬರಿಗೆ ವೈದ್ಯಶಾಸ್ತ್ರ; ಪರಸ್ಪರ ಗುರುಶಿಷ್ಯರಾಗಿ ಇಬ್ಬರೂ ಇಪ್ಪತ್ತೆರಡು ವರ್ಷ ದುಡಿದರು.

ಆ ದಿನಗಳಲ್ಲಿ ಆರ್ಥರ್ ಮಿರ್‌ಸ್ಕಿ ಎಂಬ ವಿಜ್ಞಾನಿಯು ಒಂದು ಊಹೆಯನ್ನು ಮುಂದಿಟ್ಟಿದ್ದನು. ದೊಡ್ಡವರಲ್ಲಿ ಕಾಣುವ ಮಧುಮೇಹಕ್ಕೆ ಇನ್ಸುಲಿನ್ ಹುಟ್ಟದಿರುವುದು ಕಾರಣವಲ್ಲ. ಯಕೃತ್ತಿನಲ್ಲಿರುವ ಒಂದು ಕಿಣ್ವವು ಅದನ್ನು ಬೇಗಬೇಗನೆ ನಾಶಮಾಡುವುದೇ ಕಾರಣವಿರಬಹುದು ಎಂಬುದು ಅವನ ಮತ. ಯಾಲೊ ಮತ್ತು ಬೆರ್ಸನ್ ಇದನ್ನು ಪರೀಕ್ಷಿಸಲು ತೊಡಗಿದರು. ಇನ್ಸುಲಿನ್ನಿಗೆ ವಿಕಿರಣಶೀಲ ಅಯೋಡಿನ್ನಿನ ಗುರುತನ್ನು ಅಂಟಿಸಿ ರೋಗಿಗಳ ರಕ್ತನಾಳಕ್ಕೆ ಸೇರಿಸಿ, ಅದು ಎಷ್ಟು ಬೇಗ ಮಾಯವಾಗುವುದೆಂದು ಗಮನಿಸಿದರು. ಊಹೆ ನಿಜವಾಗಿದ್ದರೆ ಮಧುಮೇಹಿಗಳಲ್ಲಿ ಅದು ಬೇಗ ಮಾಯವಾಗಬೇಕಿತ್ತು. ಆದದ್ದು ಇದಕ್ಕೆ ತದ್ವಿರುದ್ಧ: ಅದು ಬಹಳ ಹೊತ್ತು ರಕ್ತದಲ್ಲಿಯೇ ಉಳಿಯಿತು. ಇನ್ನೂ ಸೋಜಿಗವೆಂದರೆ, ಮಧುಮೇಹವಿಲ್ಲದಿದ್ದರೂ ಮನೋರೋಗದ ಚಿಕಿತ್ಸೆಗೆಂದು ಇನ್ಸುಲಿನ್ ಪಡೆದಿದ್ದವರಲ್ಲಿಯೂ ಹಾಗೆಯೇ ಆಯಿತು. ಆದುದರಿಂದ ಕಾರಣವು ರೋಗದಲ್ಲಿಲ್ಲ, ಹಿಂದೆ ಪಡೆದ ಚುಚ್ಚುಮದ್ದಿನಲ್ಲಿದೆ ಎಂದು ಅವರು ತರ್ಕಿಸಿದರು. ಪ್ರಾಣಿಯ ಇನ್ಸುಲಿನ್ ದೇಹಕ್ಕೆ ಪರಕೀಯ; ಅದರ ವಿರುದ್ಧ ದೇಹವು ಪ್ರತಿಕಾಯಗಳನ್ನು ನಿರ್ಮಿಸಿತ್ತು; ಆ ಪ್ರತಿಕಾಯಗಳು ಇನ್ಸುಲಿನ್ನನ್ನು ಹಿಡಿದುಕೊಂಡು ರಕ್ತದಲ್ಲಿಯೇ ನಿಲ್ಲಿಸಿಕೊಂಡಿದ್ದವು.

ಇಷ್ಟು ಚಿಕ್ಕ ಪ್ರೋಟೀನಿನ ವಿರುದ್ಧ ಪ್ರತಿಕಾಯ ಹುಟ್ಟುವುದಿಲ್ಲವೆಂಬುದು ಅಂದಿನ ಪಂಡಿತರ ಸಿದ್ಧಾಂತ. ಎರಡು ಪತ್ರಿಕೆಗಳು ಇವರ ಲೇಖನವನ್ನು ಹಿಂದಕ್ಕೆ ಕಳಿಸಿದವು. ಕೊನೆಗೆ ಶೀರ್ಷಿಕೆಯಲ್ಲಿದ್ದ ಪ್ರತಿಕಾಯವೆಂಬ ಮಾತನ್ನು ಕೈಬಿಟ್ಟ ಮೇಲೆ, ಆ ಎರಡರಲ್ಲಿ ಒಂದು ಪತ್ರಿಕೆಯೇ ಅದನ್ನು 1956ರಲ್ಲಿ ಪ್ರಕಟಿಸಿತು. ಮುಂದೆ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸುವಾಗ ಯಾಲೊ ತನ್ನ ಉಪನ್ಯಾಸದಲ್ಲಿ ಆ ನಿರಾಕರಣ ಪತ್ರವನ್ನು ಸಭೆಗೆ ತೋರಿಸಲು ಮರೆಯಲಿಲ್ಲ.

ದಾರಿಗೆ ಅಡ್ಡವಾಗಿ ಸಿಕ್ಕಿದ ಈ ಪ್ರತಿಕಾಯವನ್ನೇ ಅವರು ಅಳತೆಗೋಲನ್ನಾಗಿ ಮಾಡಿಕೊಂಡರು. ಇದರ ಮರ್ಮವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಜಾತ್ರೆಗೆ ಹೊರಟ ಬಸ್ಸೊಂದರಲ್ಲಿ ಐವತ್ತೇ ಆಸನಗಳಿವೆ. ನಿಂತು ಹೋಗಲು ಅಪ್ಪಣೆಯಿಲ್ಲ. ನಿಲ್ದಾಣದಲ್ಲಿ ಕೆಂಪು ರುಮಾಲು ಸುತ್ತಿದ ಐವತ್ತು ಮಂದಿಯನ್ನು ನಾವೇ ನಿಲ್ಲಿಸಿದ್ದೇವೆ. ಬೇರೆ ಯಾರೂ ಬಾರದಿದ್ದರೆ ಎಲ್ಲ ಆಸನಗಳಲ್ಲಿಯೂ ಕೆಂಪು ರುಮಾಲೇ ಕಾಣುವುದು. ರುಮಾಲಿಲ್ಲದ ಐವತ್ತು ಮಂದಿಯೂ ಬಂದು ನುಗ್ಗಿದರೆ ಸುಮಾರು ಇಪ್ಪತ್ತೈದು ರುಮಾಲುಗಳು ಮಾತ್ರ ಒಳಗೆ ಸೇರುತ್ತವೆ. ನೂರೈವತ್ತು ಮಂದಿ ಬಂದರೆ ಹನ್ನೆರಡೋ ಹದಿಮೂರೋ ರುಮಾಲುಗಳು. ಹೀಗೆ ಬಸ್ಸಿನಲ್ಲಿರುವ ರುಮಾಲುಗಳನ್ನಷ್ಟೇ ಎಣಿಸಿ, ರುಮಾಲಿಲ್ಲದವರು ಎಷ್ಟು ಮಂದಿ ಬಂದಿದ್ದರೆಂಬುದನ್ನು ಹೇಳಬಹುದು. ಇಲ್ಲಿ ಆಸನಗಳೇ ಪ್ರತಿಕಾಯಗಳು. ಕೆಂಪು ರುಮಾಲಿನವರು ವಿಕಿರಣದ ಗುರುತು ಹೊತ್ತ ಇನ್ಸುಲಿನ್. ರುಮಾಲಿಲ್ಲದವರು ರೋಗಿಯ ರಕ್ತದಲ್ಲಿರುವ ಇನ್ಸುಲಿನ್. ಪ್ರತಿಕಾಯವು ತನಗೆ ಒಗ್ಗಿದ ವಸ್ತುವನ್ನು ಕೋಟಿ ಕೋಟಿ ಇತರ ಅಣುಗಳ ನಡುವೆಯೂ ಗುರುತು ಹಿಡಿಯುತ್ತದೆ. ಉಗ್ರಾಣದ ಒಂದೇ ಕಾಳನ್ನು ಹುಡುಕಿ ಕೊಡುವ ಕೈ ಅದೇ.

ಈ ವಿಧಾನದಿಂದ ಮನುಷ್ಯರ ರಕ್ತದ ಇನ್ಸುಲಿನ್ನನ್ನು ಅಳೆದ ವರದಿಗಳು 1959 ಮತ್ತು 1960ರಲ್ಲಿ ಪ್ರಕಟವಾದವು. ವಿಕಿರಣ ಪ್ರತಿರಕ್ಷಾ ಮಾಪನವೆಂದು ಇದನ್ನು ಕರೆಯಬಹುದು. ಅಳತೆ ಕೈಗೆ ಬಂದೊಡನೆ ಹಳೆಯ ನಂಬಿಕೆ ಕದಲಿತು. ದೊಡ್ಡವರಾದ ಮೇಲೆ ಮಧುಮೇಹ ಬಂದ ಅನೇಕರ ರಕ್ತದಲ್ಲಿ ಇನ್ಸುಲಿನ್ ಇತ್ತು. ಕೆಲವರಲ್ಲಿ ಆರೋಗ್ಯವಂತರಿಗಿಂತ ಹೆಚ್ಚೇ ಇತ್ತು. ಅವರ ತೊಂದರೆ ಇನ್ಸುಲಿನ್ ಇಲ್ಲದಿರುವುದಲ್ಲ, ಇದ್ದರೂ ಅದು ಸಾಲುವಷ್ಟು ಕೆಲಸ ಮಾಡದಿರುವುದು. ಮಧುಮೇಹದಲ್ಲಿ ಬೇರೆ ಬೇರೆ ಬಗೆಗಳಿವೆಯೆಂಬ ಇಂದಿನ ತಿಳಿವಳಿಕೆಗೆ ಈ ಅಳತೆಯು ಭದ್ರವಾದ ತಳಹದಿಯಾಯಿತು.

ಯಾಲೊ ಮತ್ತು ಬೆರ್ಸನ್ ಈ ವಿಧಾನದ ಮೇಲೆ ಹಕ್ಕುಪತ್ರವನ್ನು ಪಡೆಯಲಿಲ್ಲ. ಬೇಕಾದವರೆಲ್ಲ ಬಳಸಲೆಂದು ಬಿಟ್ಟುಕೊಟ್ಟರು. ಬೇರೆ ಹಾರ್ಮೋನುಗಳನ್ನೂ ಇದೇ ದಾರಿಯಲ್ಲಿ ಅಳೆಯಲಾಯಿತು. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ನವಜಾತ ಶಿಶುವಿನ ರಕ್ತದ ಒಣಗಿದ ಚುಕ್ಕೆಯೊಂದರಿಂದಲೇ ಥೈರಾಯಿಡ್ ಹಾರ್ಮೋನಿನ ಕೊರತೆಯನ್ನು ಪತ್ತೆಮಾಡುವ ಕೆಲಸ ಆರಂಭವಾಯಿತು. ಸಕಾಲದಲ್ಲಿ ತಿಳಿದರೆ ಔಷಧ ಕೊಟ್ಟು ಮಗುವಿನ ಬುದ್ಧಿಮಾಂದ್ಯವನ್ನು ತಪ್ಪಿಸಬಹುದು. ಬೆರ್ಸನ್ 1972ರಲ್ಲಿ ತೀರಿಕೊಂಡನು. ಗೆಳೆಯನ ಹೆಸರು ಮುಂದಿನ ಪ್ರತಿಯೊಂದು ಲೇಖನದಲ್ಲಿಯೂ ಇರಲೆಂದು ಯಾಲೊ ಪ್ರಯೋಗಶಾಲೆಗೆ ಅವನ ಹೆಸರನ್ನೇ ಇರಿಸಿದಳು. 1977ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ದೊರೆಯಿತು. ವೈದ್ಯಶಾಸ್ತ್ರದಲ್ಲಿ ಆ ಗೌರವವನ್ನು ಪಡೆದ ಮಹಿಳೆಯರಲ್ಲಿ ಆಕೆ ಎರಡನೆಯವಳು. 2011ರಲ್ಲಿ ಆಕೆ ನಿಧನಳಾದಳು.

ವಿಕಿರಣಶೀಲ ವಸ್ತುವನ್ನು ಬಳಸಲು ವಿಶೇಷ ಉಪಕರಣ ಬೇಕು, ವಿಶೇಷ ಎಚ್ಚರ ಬೇಕು. ಅದರ ಗುರುತು ದಿನಕಳೆದಂತೆ ಮಾಸುತ್ತ ಹೋಗುತ್ತದೆ. ವಿಕಿರಣದ ಬದಲಿಗೆ ಬಣ್ಣವನ್ನು ಗುರುತಾಗಿ ಬಳಸಬಾರದೇಕೆ? 1971ರಲ್ಲಿ ಸ್ವೀಡನ್ನಿನ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್, ಅದೇ ಕಾಲಕ್ಕೆ ನೆದರ್ಲೆಂಡ್ಸಿನ ವಾನ್ ವೀಮೆನ್ ಮತ್ತು ಸ್ಖೂರ್ಸ್, ಪ್ರತ್ಯೇಕವಾಗಿ ಇದನ್ನು ಸಾಧಿಸಿದರು. ಗುರುತಿಗಾಗಿ ಅವರು ಬಳಸಿದ್ದು ಕಿಣ್ವವನ್ನು. ಬಣ್ಣವಿಲ್ಲದ ದ್ರವವನ್ನು ಬಣ್ಣದ ದ್ರವವಾಗಿ ಮಾರ್ಪಡಿಸುವ ಶಕ್ತಿ ಕೆಲವು ಕಿಣ್ವಗಳಿಗಿದೆ. ಈ ವಿಧಾನಕ್ಕೆ ಎಲೈಸಾ ಎಂದು ಹೆಸರು. ಇಂದಿನ ಪ್ರಯೋಗಶಾಲೆಗಳಿಗೆ ಇನ್ಸುಲಿನ್ ಮಾಪನದ ಕಿಟ್ ಎಂದು ಬರುವ ಪೆಟ್ಟಿಗೆಗಳಲ್ಲಿ ಹಲವು ಈ ತತ್ತ್ವವನ್ನೇ ಆಧರಿಸಿವೆ.

ಆ ಪೆಟ್ಟಿಗೆಯನ್ನು ತೆರೆದು ನೋಡೋಣ. ಶೈತ್ಯಪೆಟ್ಟಿಗೆಯಲ್ಲಿ ಕಾಯ್ದಿರಿಸಿದ ಅದರೊಳಗೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಫಲಕವಿದೆ. ಅದರಲ್ಲಿ ಸಾಲಿಗೆ ಹನ್ನೆರಡರಂತೆ ಎಂಟು ಸಾಲು, ಒಟ್ಟು ತೊಂಬತ್ತಾರು ಕುಳಿಗಳು. ಚನ್ನೆಮಣೆಯ ಗುಳಿಗಳನ್ನು ಕಿರಿದುಗೊಳಿಸಿ ಜೋಡಿಸಿದಂತೆ ಕಾಣುತ್ತದೆ. ಪ್ರತಿ ಕುಳಿಯ ತಳದಲ್ಲಿಯೂ ಇನ್ಸುಲಿನ್ನನ್ನು ಹಿಡಿಯುವ ಪ್ರತಿಕಾಯವನ್ನು ಮೊದಲೇ ಲೇಪಿಸಿರುತ್ತಾರೆ. ಜೊತೆಗೆ ಸಣ್ಣ ಸಣ್ಣ ಸೀಸೆಗಳು: ಗೊತ್ತಾದ ಪ್ರಮಾಣದ ಇನ್ಸುಲಿನ್ ಇರುವ ಮಾದರಿ ದ್ರಾವಣಗಳು, ಕಿಣ್ವವನ್ನು ಅಂಟಿಸಿದ ಎರಡನೆಯ ಪ್ರತಿಕಾಯ, ತೊಳೆಯುವ ದ್ರಾವಣ, ಬಣ್ಣ ಬರಿಸುವ ದ್ರಾವಣ, ಕ್ರಿಯೆಯನ್ನು ನಿಲ್ಲಿಸುವ ಆಮ್ಲ.

ರೋಗಿಯ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ತಿಳಿಯನ್ನು ಸೀರಮ್ ಎನ್ನುತ್ತಾರೆ. ಒಂದು ಹನಿಗಿಂತಲೂ ಕಡಿಮೆ ಸೀರಮನ್ನು ಕುಳಿಗೆ ಹಾಕಿದಾಗ ತಳದ ಪ್ರತಿಕಾಯವು ಇನ್ಸುಲಿನ್ನನ್ನು ಹಿಡಿದುಕೊಳ್ಳುತ್ತದೆ. ಎರಡನೆಯ ಪ್ರತಿಕಾಯವು ಮೇಲಿನಿಂದ ಬಂದು ಅದೇ ಅಣುವಿನ ಇನ್ನೊಂದು ಬದಿಯನ್ನು ಹಿಡಿಯುತ್ತದೆ. ಎರಡು ಅಂಗೈಗಳ ನಡುವೆ ನಿಂಬೆಹಣ್ಣನ್ನು ಹಿಡಿದಂತಾಯಿತು. ಬಳಿಕ ಕುಳಿಯನ್ನು ಚೆನ್ನಾಗಿ ತೊಳೆದರೆ ಹಿಡಿತಕ್ಕೆ ಸಿಗದುದೆಲ್ಲ ಕೊಚ್ಚಿಹೋಗುತ್ತದೆ. ಅನೇಕ ಕಿಟ್‌ಗಳಲ್ಲಿ ಬಳಸುವ ಕಿಣ್ವವನ್ನು ಸಾಸಿವೆಯ ಕುಟುಂಬಕ್ಕೆ ಸೇರಿದ, ಖಾರವಾದ ಬೇರುಳ್ಳ ಒಂದು ಗಿಡದಿಂದ ತೆಗೆದಿರುತ್ತಾರೆ. ಬಣ್ಣದ ದ್ರಾವಣವನ್ನು ಹಾಕಿದೊಡನೆ ಕುಳಿಯಲ್ಲಿ ನೀಲಿ ಬಣ್ಣ ಮೂಡುತ್ತದೆ. ಆಮ್ಲವನ್ನು ಸೇರಿಸಿದರೆ ಅದು ಹಳದಿಗೆ ತಿರುಗಿ ಅಲ್ಲಿಗೇ ನಿಲ್ಲುತ್ತದೆ. ಇನ್ಸುಲಿನ್ ಹೆಚ್ಚಿದಷ್ಟೂ ಹಳದಿ ಗಾಢವಾಗಿರುತ್ತದೆ. ಬೆಳಕನ್ನು ಹಾಯಿಸುವ ಉಪಕರಣವು ಆ ಬಣ್ಣವನ್ನು ಅಂಕಿಯಾಗಿ ಓದುತ್ತದೆ. ಗೊತ್ತಾದ ಪ್ರಮಾಣದ ಮಾದರಿಗಳ ಬಣ್ಣವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ರೇಖೆಯೆಳೆದರೆ, ರೋಗಿಯ ಸೀರಮಿನ ಬಣ್ಣ ಆ ರೇಖೆಯಲ್ಲಿ ಎಲ್ಲಿ ನಿಲ್ಲುವುದೋ ಅದೇ ಉತ್ತರ. ನೀವು ಗಣಿತದ ತರಗತಿಯಲ್ಲಿ ಎಳೆಯುವ ರೇಖೆಯೇ ಇಲ್ಲಿ ತಕ್ಕಡಿಯ ಕೆಲಸವನ್ನು ಮಾಡುತ್ತದೆ.

ಸಾಮಾನ್ಯ ಮಧುಮೇಹವನ್ನು ಗುರುತಿಸಲು ರಕ್ತದ ಸಕ್ಕರೆಯ ಪರೀಕ್ಷೆಯೇ ಸಾಕು. ಅದಕ್ಕೆ ಈ ಕಿಟ್ ಬೇಕಿಲ್ಲ. ಇದರ ಅಗತ್ಯ ಬೀಳುವ ಸಂದರ್ಭಗಳೇ ಬೇರೆ. ಹಸಿದಿದ್ದಾಗಲೆಲ್ಲ ಮೈ ಬೆವರಿ, ಕಣ್ಣು ಕತ್ತಲಿಟ್ಟು, ಪ್ರಜ್ಞೆ ತಪ್ಪಿ ಬೀಳುವ ರೋಗಿಯೊಬ್ಬನಿದ್ದಾನೆನ್ನೋಣ. ಅವನ ರಕ್ತದಲ್ಲಿ ಸಕ್ಕರೆ ತೀರ ಇಳಿದಿದೆ. ಏಕೆ ಇಳಿಯಿತು? ಮೇದೋಜೀರಕ ಗ್ರಂಥಿಯಲ್ಲಿ ಗಂಟೊಂದು ಬೆಳೆದು ಮಿತಿಮೀರಿ ಇನ್ಸುಲಿನ್ನನ್ನು ಸುರಿಸುತ್ತಿರಬಹುದು. ಇಲ್ಲವೇ ಹೊರಗಿನಿಂದ ಚುಚ್ಚುಮದ್ದಿನ ಮೂಲಕ ಇನ್ಸುಲಿನ್ ಒಳಸೇರಿರಬಹುದು. ಮೊದಲನೆಯದಕ್ಕೆ ಶಸ್ತ್ರಚಿಕಿತ್ಸೆ ಬೇಕಾದೀತು; ಎರಡನೆಯದಕ್ಕೆ ಅದು ವ್ಯರ್ಥವಾದ ಗಾಯ. ಇವೆರಡನ್ನು ಬೇರ್ಪಡಿಸಿ ಹೇಳುವುದು ಹೇಗೆ? 1967ರಲ್ಲಿ ಡೊನಾಲ್ಡ್ ಸ್ಟೈನರ್ ಎಂಬ ವಿಜ್ಞಾನಿಯು, ಗ್ರಂಥಿಯು ಇನ್ಸುಲಿನ್ನನ್ನು ಮೊದಲು ಒಂದೇ ಉದ್ದನೆಯ ಸರಪಳಿಯಾಗಿ ನಿರ್ಮಿಸುತ್ತದೆಂದು ತೋರಿಸಿಕೊಟ್ಟನು. ಆಮೇಲೆ ಅದರ ನಡುವಿನ ತುಂಡು ಕತ್ತರಿಸಲ್ಪಟ್ಟು ಬೇರೆಯಾಗುತ್ತದೆ. ಆ ತುಂಡಿಗೆ ಸಿ-ಪೆಪ್ಟೈಡ್ ಎಂದು ಹೆಸರು. ಗ್ರಂಥಿಯಿಂದ ಬಂದ ಇನ್ಸುಲಿನ್ನಿನ ಜೊತೆ ಇದೂ ಬರುತ್ತದೆ. ಔಷಧದ ಇನ್ಸುಲಿನ್ನಿನಲ್ಲಿ ಇದು ಇರುವುದಿಲ್ಲ. ಆದುದರಿಂದ ವೈದ್ಯರು ಒಂದೇ ಸೀರಮಿನಲ್ಲಿ ಎರಡನ್ನೂ ಅಳೆಯಿಸುತ್ತಾರೆ. ಎರಡೂ ಹೆಚ್ಚಿದ್ದರೆ ಅದು ಗ್ರಂಥಿಯಿಂದಲೇ ಬಂದದ್ದು. ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದಾದ್ದರಿಂದ ಅದನ್ನು ವಿಚಾರಿಸಿಕೊಂಡು ವೈದ್ಯರು ಮುಂದುವರಿಯುತ್ತಾರೆ. ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ಕಡಿಮೆಯಿದ್ದರೆ ಅದು ಹೊರಗಿನಿಂದ ಬಂದದ್ದು. ಕುಳಿಗಳಲ್ಲಿ ಮೂಡಿದ ಹಳದಿ ಬಣ್ಣದ ಮೇಲೆ ಒಬ್ಬ ಮನುಷ್ಯನ ಶಸ್ತ್ರಚಿಕಿತ್ಸೆಯ ನಿರ್ಧಾರ ನಿಂತಿರುತ್ತದೆ.

ಹೀಗಿರುವಾಗ ಆ ಬಣ್ಣವು ಸುಳ್ಳು ಹೇಳಬಾರದು. ರಕ್ತವನ್ನು ಒರಟಾಗಿ ತೆಗೆದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಅವುಗಳೊಳಗಿನ ಕಿಣ್ವವು ಇನ್ಸುಲಿನ್ನನ್ನು ತಿಂದುಹಾಕಿ, ಇರುವುದನ್ನು ಇಲ್ಲವೆಂದು ತೋರಿಸುತ್ತದೆ. ಕುಳಿಯನ್ನು ಸರಿಯಾಗಿ ತೊಳೆಯದಿದ್ದರೆ ಇಲ್ಲದುದು ಇದೆಯೆಂದು ಕಾಣುತ್ತದೆ. ಬೇರೆ ಬೇರೆ ಕಿಟ್‌ಗಳ ಪ್ರತಿಕಾಯಗಳು ಒಂದೇ ಬಗೆಯವಲ್ಲವಾದ್ದರಿಂದ ಒಂದರ ಅಂಕಿಯನ್ನು ಇನ್ನೊಂದರ ಅಂಕಿಗೆ ಹಾಗೆಯೇ ಹೋಲಿಸಲಾಗದು. ಅದಕ್ಕಾಗಿಯೇ ಪ್ರಯೋಗಶಾಲೆಯಲ್ಲಿ ಒಂದೇ ಸೀರಮನ್ನು ಎರಡು ಕುಳಿಗಳಲ್ಲಿ ಹಾಕಿ ತಾಳೆ ನೋಡುತ್ತಾರೆ. ಉತ್ತರ ಮೊದಲೇ ಗೊತ್ತಿರುವ ದ್ರಾವಣವನ್ನೂ ಪ್ರತಿ ಬಾರಿ ಜೊತೆಯಲ್ಲಿಟ್ಟು ಪರೀಕ್ಷಿಸುತ್ತಾರೆ. ಗೊತ್ತಿರುವುದಕ್ಕೆ ತಪ್ಪು ಉತ್ತರ ಬಂದರೆ ಗೊತ್ತಿಲ್ಲದುದರ ಉತ್ತರವನ್ನು ನಂಬುವಂತಿಲ್ಲ. ಇಡೀ ಫಲಕವನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಆರಂಭಿಸಬೇಕು. ರೋಗಿಯ ಮುಖವನ್ನು ಎಂದೂ ಕಾಣದ ಪ್ರಯೋಗಶಾಲೆಯ ಕೆಲಸಗಾರನ ಧರ್ಮವಿದು. ಅವನ ಹೆಸರು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಆದರೆ ಅವನ ಕೈಯ ಶ್ರದ್ಧೆಯಿಲ್ಲದಿದ್ದರೆ ನೊಬೆಲ್ ಪಾರಿತೋಷಕದ ವಿದ್ಯೆಯೂ ನಿಷ್ಪ್ರಯೋಜಕ.

ಅಳತೆಯು ಬರಿಯ ಅಂಕಿಯಲ್ಲ. ಯಾಲೊ ಮತ್ತು ಬೆರ್ಸನ್ ಒಂದು ಊಹೆಯನ್ನು ಪರೀಕ್ಷಿಸಲು ಹೊರಟರು. ನಿರೀಕ್ಷಿಸದ ಉತ್ತರ ಬಂದಾಗ ಅದನ್ನು ಮುಚ್ಚಿಡಲಿಲ್ಲ, ಕಾರಣವನ್ನು ಹುಡುಕಿದರು. ಪಂಡಿತರು ಒಪ್ಪದಿದ್ದಾಗ ಪ್ರಯೋಗವನ್ನು ಮುಂದಿಟ್ಟರು. ಇಂದು ಪ್ರಯೋಗಶಾಲೆಯ ಮೇಜಿನ ಮೇಲಿರುವ ಆ ಪೆಟ್ಟಿಗೆಯಲ್ಲಿ ಪ್ರತಿಕಾಯ, ಕಿಣ್ವ, ಆಮ್ಲಗಳ ಜೊತೆಗೆ ಆ ಪ್ರಾಮಾಣಿಕತೆಯೂ ಅಡಗಿದೆ. ಗುಲಗಂಜಿಯಿಟ್ಟು ಚಿನ್ನವನ್ನು ತೂಗುವಾಗ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಅಕ್ಕಸಾಲಿಗನು ಉಸಿರು ಬಿಗಿಹಿಡಿದು ಕಾಯುತ್ತಾನೆ. ಚಿನ್ನಕ್ಕಿಂತ ಬೆಲೆಬಾಳುವ ಪ್ರಾಣವನ್ನು ತೂಗುವವರು ಇನ್ನೆಷ್ಟು ಎಚ್ಚರದಿಂದ ಇರಬೇಕು!